ಕಣ್ಣಿನ ಸುತ್ತ ನೋಯದ ಗುಳ್ಳೆ: ಗುರುತಿಸುವುದು ಹೇಗೆ, ಏನು ಮಾಡಬೇಕು

ನೋವಿಲ್ಲ ಅಂತ ರೆಪ್ಪೆಯ ಗುಳ್ಳೆಯನ್ನು ವರ್ಷಗಟ್ಟಲೆ ಹಾಗೇ ಬಿಡಬೇಡಿ. ಹಗಲ ಬೆಳಕಿನಲ್ಲಿ ಕನ್ನಡಿ ಹಿಡಿದು ಮೂರು ಸಂಗತಿ ನೋಡಿ: ಗುಳ್ಳೆ ಚರ್ಮದ ಮೇಲಿದೆಯೋ ರೆಪ್ಪೆಯ ಒಳಗಿದೆಯೋ, ಬಣ್ಣ ಯಾವುದು, ಅಲ್ಲಿನ ರೆಪ್ಪೆಗೂದಲು ಉದುರಿದೆಯೋ.

ರೆಪ್ಪೆಯೊಳಗೆ ಕಡಲೆಕಾಳಿನಂತೆ ಗಟ್ಟಿಯಾಗಿ ಸಿಕ್ಕು, ಮೇಲಿನ ಚರ್ಮ ಸಲೀಸಾಗಿ ಜಾರಿದರೆ ಅದು ಹೆಚ್ಚಾಗಿ ಕೆಲೇಜಿಯನ್. ಎಣ್ಣೆಗ್ರಂಥಿಯ ಬಾಯಿ ಕಟ್ಟಿ, ಜಿಡ್ಡು ಒಳಗೇ ನಿಂತು ಗಂಟಾಗಿರುತ್ತದೆ. ಶುಚಿಯಾದ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಮುಂಗೈಗೆ ಮುಟ್ಟಿಸಿ ಬಿಸಿ ನೋಡಿಕೊಂಡು, ಮುಚ್ಚಿದ ಕಣ್ಣಿನ ಮೇಲೆ 10 ನಿಮಿಷ ಇಡಿ. ದಿನಕ್ಕೆ 3-4 ಸಲ. ಬಟ್ಟೆ ಎರಡು ನಿಮಿಷಕ್ಕೇ ಆರುತ್ತದೆ, ಮತ್ತೆ ಮತ್ತೆ ಅದ್ದದಿದ್ದರೆ ಜಿಡ್ಡು ಕರಗುವುದಿಲ್ಲ. ಬಳಿಕ ತೊಳೆದ ಬೆರಳಿಂದ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಮೆಲ್ಲಗೆ ನೀವಿ. ಹಿಸುಕಬೇಡಿ. ಮೆಣಸಿನಕಾಯಿ ಬಿಡಿಸಿದ ದಿನ ನೀವುವುದು ಬೇಡ; ಬಟ್ಟೆ ಹಿಂಡುವುದನ್ನೂ ಮನೆಯ ಬೇರೆಯವರಿಗೆ ಬಿಡಿ, ಸೋಪು ಹಾಕಿದರೂ ಖಾರ ಬೇಗ ಹೋಗದು. ಆರು ವಾರಕ್ಕೂ ಕರಗದಿದ್ದರೆ ವೈದ್ಯರು ಮರಗಟ್ಟುವ ಸೂಜಿ ಕೊಟ್ಟು, ರೆಪ್ಪೆಯ ಒಳಮಗ್ಗುಲಿಂದ ಬಿಡಿಸಿ ತೆಗೆಯುತ್ತಾರೆ.

ಸಜ್ಜೆಕಾಳಿಗಿಂತ ಚಿಕ್ಕ ಬಿಳಿ ಮಣಿಗಳು ಮಿಲಿಯಾ. ಕಾವಿಗೆ ಅವು ಹೋಗುವುದಿಲ್ಲ, ಪಿನ್ನಿಂದ ಚುಚ್ಚಿದರೆ ಕೀವಾಗಬಹುದು. ಮೂಗಿನ ಕಡೆಯ ಮೂಲೆಯಲ್ಲಿ ಹಳದಿ ಮಚ್ಚೆ ಉಬ್ಬಿದ್ದರೆ ಅದು ಜಾಂಥೆಲಾಸ್ಮಾ. ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಸುಮಾರು ಅರ್ಧದಷ್ಟು ಜನರಲ್ಲಿ ಅದು ಸರಿಯಾಗೇ ಇರುತ್ತದೆ, ಆದರೂ ಪರೀಕ್ಷೆ ಬಿಡಬಾರದು. ಮಕ್ಕಳಲ್ಲಿ ನಡುವೆ ಕುಳಿಯಿರುವ ಹೊಳೆಯುವ ಗುಳ್ಳೆ ವೈರಸ್‌ನಿಂದ ಬರುವ ಮೊಲಸ್ಕಂ. ಟವೆಲ್ ಬೇರೆ ಇಡಿ. ಹುಟ್ಟಿದಾಗಿನಿಂದ ಹುಬ್ಬಿನ ಹೊರತುದಿಯಲ್ಲಿರುವ ಗಂಟು ಡರ್ಮಾಯ್ಡ್ ಇರಬಹುದು, ಅದನ್ನು ಒತ್ತಬೇಡಿ.

ನರಹುಲಿಗೆ ಹಚ್ಚುವಂತೆ ಸುಣ್ಣವನ್ನು ಇಲ್ಲಿ ಹಚ್ಚಲೇಬೇಡಿ. ಕಣ್ಣಿಗೆ ಇಳಿದರೆ ಕರಿಗುಡ್ಡೆಯ ಪೊರೆ ಸುಟ್ಟು ದೃಷ್ಟಿಯೇ ಹೋಗಬಹುದು. ಇಳಿದರೆ ಆ ಕ್ಷಣವೇ ರೆಪ್ಪೆ ಬಿಡಿಸಿ, ಅರ್ಧ ಗಂಟೆ ಶುದ್ಧ ನೀರು ಹರಿಸಿ, ಆಸ್ಪತ್ರೆಗೆ ಓಡಿ.

ತೆಗೆಸಿದ ಗಂಟು ಅದೇ ಜಾಗದಲ್ಲಿ ಮರಳಿದರೆ, ರೆಪ್ಪೆಗೂದಲು ಉದುರಿದರೆ, ಹುಣ್ಣಾಗಿ ರಕ್ತ ಜಿನುಗಿದರೆ ಕಾಯಬೇಡಿ; ವಯಸ್ಸಾದವರಲ್ಲಿ ಎಣ್ಣೆಗ್ರಂಥಿಯ ಕ್ಯಾನ್ಸರ್ ಕೆಲೇಜಿಯನ್‌ನಂತೆಯೇ ಕಾಣುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗವಿದೆ. ವಾರಕ್ಕೊಂದು ಮೊಬೈಲ್ ಫೋಟೊ ತೆಗೆದಿಟ್ಟಿದ್ದರೆ ತೋರಿಸಿ, ಹಿಂದೆ ಗಂಟು ತೆಗೆಸಿದ್ದರೆ ಆ ಚೀಟಿ ಒಯ್ಯಿರಿ, ತೆಗೆದ ತುಣುಕನ್ನು ಬಯಾಪ್ಸಿಗೆ (ಕ್ಯಾನ್ಸರ್ ಇದೆಯೇ ಎಂದು ನೋಡುವ ಪರೀಕ್ಷೆಗೆ) ಕಳಿಸುತ್ತೀರಾ ಎಂದು ಕೇಳಿ.