ಅಮೆರಿಕದ ಹಳೆ ಪೆನ್ನಿ ನಾಣ್ಯಕ್ಕೆ ಮಂಡ್ಯದ ಹುಣಸೆಹುಳಿ

ಹುಣಸೆಹಣ್ಣು ನೆನೆಹಾಕುವ ಮುಂಚೆ ನಾಣ್ಯದ ಮೇಲಿನ ಇಸವಿ ನೋಡಿ. ಪೆನ್ನಿ, ಅಂದರೆ ಅಮೆರಿಕದ ಒಂದು ಸೆಂಟಿನ ನಾಣ್ಯ, ತೊಳೆಯುವುದರಲ್ಲಿ ಮುಕ್ಕಾಲು ಕೆಲಸ ಇದೇ. 1981 ಮತ್ತು ಅದಕ್ಕಿಂತ ಹಿಂದಿನವು ಒಂದು ಗುಡ್ಡೆ. 1983 ಮತ್ತು ಆಮೇಲಿನವು ಇನ್ನೊಂದು ಗುಡ್ಡೆ. 1982ರವನ್ನು ಬೇರೆ ಇಡಿ, ಅವುಗಳ ಕತೆ ಆಮೇಲೆ ಹೇಳುತ್ತೇನೆ.

ನಮ್ಮದು ಮಂಡ್ಯದ ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ. ತಾಮ್ರದ ಬಿಂದಿಗೆ, ಹಿತ್ತಾಳೆ ದೀಪ, ಹಳೆ ಕೊಳಗ, ಇವುಗಳ ಕಿಲುಬು ತೆಗೆದು ಹೊಳಪು ಕೊಡುವುದು ಅಪ್ಪನ ಕಾಲದಿಂದ ಬಂದ ಕೆಲಸ. ತಂಗಿಯ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಮಗನಿಗೆ ಒತ್ತಿದ ಪೆನ್ನಿ ಕೂಡಿಸುವ ಹುಚ್ಚು. ಊರಿಗೆ ಬಂದಾಗಲೆಲ್ಲ ಒತ್ತಿಸುವ ಮುಂಚೆ ತೊಳೆಸಲು ಒಂದು ಡಬ್ಬಿ ಕಪ್ಪು ಪೆನ್ನಿ ತಂದು ಕೌಂಟರ್ ಮೇಲೆ ಸುರಿಯುತ್ತಾಳೆ. "ಮಾವ, ನಿಮ್ಮ ಥರ ಅಲ್ಲಿ ಯಾರೂ ತೊಳೆಯಲ್ಲ" ಅನ್ನುತ್ತಾಳೆ. ಹೊಗಳಿ ಕೆಲಸ ತೆಗೆಯೋದು ಅವಳಿಗೆ ಚೆನ್ನಾಗಿ ಗೊತ್ತು.

ಒತ್ತಿದ ಪೆನ್ನಿ ನೋಡದವರಿಗೆ ಎರಡು ಮಾತು. ಅಮೆರಿಕದಲ್ಲಿ ಝೂ, ಮ್ಯೂಸಿಯಂ, ಡಿಸ್ನಿ ಪಾರ್ಕುಗಳಲ್ಲಿ ಒಂದು ಮಷಿನ್ ಇರುತ್ತದೆ. ಸಾಮಾನ್ಯವಾಗಿ ಎರಡು ಕ್ವಾರ್ಟರ್ (25 ಸೆಂಟಿನ ನಾಣ್ಯ) ಮತ್ತು ಒಂದು ಪೆನ್ನಿ ಹಾಕಿ ಹಿಡಿ ತಿರುಗಿಸಬೇಕು. ಒಳಗೆ ಎರಡು ಉಕ್ಕಿನ ಉರುಳೆ. ಒಂದರ ಮೇಲೆ ಚಿತ್ರ ಕೆತ್ತಿರುತ್ತಾರೆ. ನಡುವೆ ಸಿಕ್ಕಿದ ಪೆನ್ನಿ ಚಪಾತಿ ಹಿಟ್ಟಿನ ಹಾಗೆ ಉದ್ದಕ್ಕೆ ಹರಡಿ, ಆ ಜಾಗದ ಚಿತ್ರ ಹೊತ್ತು ಕೆಳಗೆ ಬೀಳುತ್ತದೆ. 1893ರ ಶಿಕಾಗೋ ವಿಶ್ವಮೇಳದಲ್ಲೇ ಇದು ಶುರುವಾಗಿತ್ತು. ಅದೇ ವರ್ಷ ಅದೇ ಊರಲ್ಲಿ ವಿವೇಕಾನಂದರ ಭಾಷಣ. ಅದಕ್ಕೆ ಹಿಂದಿನ ವರ್ಷ ಅವರು ಮೈಸೂರಿಗೆ ಬಂದು ಚಾಮರಾಜ ಒಡೆಯರನ್ನು ಕಂಡು ಹೋಗಿದ್ದರು. ಸುಮ್ನೆ ನೆನಪಾಯಿತು, ಹೇಳಿದೆ.

ಈಗ ಇಸವಿ ಯಾಕೆ ಅಂತ. 1981ರವರೆಗಿನ ಮಾಮೂಲಿ ಪೆನ್ನಿಯಲ್ಲಿ 95 ಭಾಗ ತಾಮ್ರ. 1982ರ ನಡುವೆ ತಾಮ್ರ ದುಬಾರಿ ಅಂತ ಬದಲಾಯಿಸಿದರು. ಅಲ್ಲಿಂದ ಒಳಗೆಲ್ಲ ಸತು, ಮೇಲೆ ತೆಳ್ಳಗೆ ತಾಮ್ರದ ಲೇಪ. ಒಟ್ಟು ತೂಕದಲ್ಲಿ ತಾಮ್ರ ಬರೀ ಎರಡೂವರೆ ಭಾಗ. ಇಂಥದ್ದನ್ನು ಉರುಳೆಗೆ ಕೊಟ್ಟರೆ ಲೇಪ ಹಿಗ್ಗಿ ಅಲ್ಲಲ್ಲಿ ಹರಿಯುತ್ತದೆ. ಒಳಗಿನ ಸತು ಬೂದು ಬಣ್ಣದ ಗೆರೆಗಳಾಗಿ ಇಣುಕುತ್ತದೆ. ಚಿತ್ರ ಎಷ್ಟೇ ಚೆನ್ನಾಗಿ ಬಂದರೂ ಆ ಗೆರೆ ಕಣ್ಣಿಗೆ ಹೊಡೆಯುತ್ತದೆ. ಹಳೆ ಪೆನ್ನಿ ಒಳಗೂ ಹೊರಗೂ ಒಂದೇ ಲೋಹ. ಎಷ್ಟು ಎಳೆದರೂ ತಾಮ್ರವೇ.

1982ರಲ್ಲಿ ಎರಡೂ ಥರ ಹೊರಗೆ ಬಂದವು. ಅದಕ್ಕೆ ತೂಕ ನೋಡಬೇಕು. ತಾಮ್ರದ್ದು 3.11 ಗ್ರಾಂ, ಸತುವಿನದ್ದು 2.5 ಗ್ರಾಂ. ನಾನು ಪಕ್ಕದ ಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ಹಾಕಿ ನೋಡುತ್ತೇನೆ. ತಕ್ಕಡಿ ಸಿಗದಿದ್ದರೆ ಕಡಪ ಕಲ್ಲಿನ ಮೇಲೆ ಬೀಳಿಸಿ. ತಾಮ್ರ "ಟಿಂಣ್" ಅಂದು ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ. ಸತು "ಟಕ್" ಅಂದು ಸುಮ್ಮನಾಗುತ್ತದೆ. ಪಾತ್ರೆ ತಟ್ಟಿ ತಟ್ಟಿ ಪಳಗಿದ ಕಿವಿಗೆ ತಕ್ಕಡಿಯೂ ಬೇಡ.

ತಾಮ್ರದ ಗುಡ್ಡೆಯಲ್ಲೂ ಎಲ್ಲವನ್ನೂ ಹುಳಿಗೆ ಹಾಕಬೇಡಿ. ತಿರುಗಿಸಿ ಹಿಂಭಾಗ ನೋಡಿ. ಎರಡು ಗೋಧಿ ತೆನೆ ಇದ್ದರೆ ಅದು 1909ರಿಂದ 1958ರ ನಡುವಿನದು. ಅದನ್ನು ಎತ್ತಿಡಿ. ಅದರಲ್ಲಿ ಕೆಲವು ಇಸವಿಗಳಿಗೆ ಒಳ್ಳೆ ಬೆಲೆಯಿದೆ. ಸ್ಯಾನ್ ಫ್ರಾನ್ಸಿಸ್ಕೋದ 'ಎಸ್' ಗುರುತಿರುವ 1909ರದ್ದು, ಅಕ್ಷರಗಳು ಎರಡೆರಡಾಗಿ ಕಾಣುವ 1955ರದ್ದು, ಇಂಥವು. ನಾಣ್ಯ ಕೊಳ್ಳುವವರಿಗೆ ತೊಳೆದ ನಾಣ್ಯ ಕಂಡರೆ ಆಗುವುದಿಲ್ಲ. ಹೊಳೆದಷ್ಟೂ ಬೆಲೆ ಇಳಿಯುತ್ತದೆ. ನಿಮ್ಮ ಮನೆಯ ಹಳೆ ಟ್ರಂಕಿನಲ್ಲಿ ಬ್ರಿಟಿಷರ ಕಾಲದ ತೂತಿನ ಕಾಸು ಇದ್ದರೆ ಅದಕ್ಕೂ ಇದೇ ಮಾತು. ಇನ್ನು 1943ರ ಪೆನ್ನಿ ಬೆಳ್ಳಗಿದ್ದರೆ ಬೆಳ್ಳಿ ಅಂತ ಕುಣಿಯಬೇಡಿ. ಯುದ್ಧಕ್ಕೆ ತಾಮ್ರ ಬೇಕಿತ್ತು ಅಂತ ಆ ವರ್ಷ ಉಕ್ಕಿನಲ್ಲಿ ಮಾಡಿ ಸತು ಬಳಿದಿದ್ದರು. ಆಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ.

ಹಾಗಾಗಿ ಒತ್ತಿಸಲು ಉಳಿಯುವುದು 1959ರಿಂದ 1982ರವರೆಗಿನ ತಾಮ್ರದವು. ಹಿಂಭಾಗದಲ್ಲಿ ಲಿಂಕನ್ ಸ್ಮಾರಕದ ಕಟ್ಟಡ. ತೊಳೆದ ಮೇಲೆ ಭೂತಗನ್ನಡಿ ಹಿಡಿದು ನಡುವಿನ ಕಂಬಗಳ ಮಧ್ಯೆ ನೋಡಿ. ಪುಟಾಣಿ ಲಿಂಕನ್ ಕುರ್ಚಿಯಲ್ಲಿ ಕೂತಿರುತ್ತಾನೆ. ಕೊಳೆ ಇದ್ದಾಗ ಅವನು ಕಾಣುವುದೇ ಇಲ್ಲ. ತೊಳೆದದ್ದು ಸಾಕಾ ಅಂತ ನೋಡಲು ನನಗೆ ಅವನೇ ಗುರುತು.

ಮೊದಲು ಜಿಡ್ಡು ಹೋಗಬೇಕು. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ ಅರ್ಧ ಗಂಟೆ ನೆನೆಸಿ. ಆಮೇಲೆ ಹಳೆ ಟೂತ್‌ಬ್ರಷ್‌ನಿಂದ ಮೆತ್ತಗೆ ಉಜ್ಜಿ. ಜನರ ಜೇಬು, ಕಾರಿನ ಸೀಟಿನ ಸಂದಿ, ಚೂಯಿಂಗ್ ಗಮ್ ಎಲ್ಲ ಸುತ್ತಿ ಬಂದಿರುತ್ತದೆ ಅದು. ಜಿಡ್ಡಿನ ಮೇಲೆ ಹುಳಿ ಹಿಡಿಯುವುದಿಲ್ಲ. ಈ ಹಂತ ಬಿಟ್ಟರೆ ಚುಕ್ಕೆ ಚುಕ್ಕೆಯಾಗಿ ಬೆಳಗುತ್ತದೆ.

ಹುಳಿಗೆ ಹಳೆ ಹುಣಸೆಹಣ್ಣೇ ಆಗಬೇಕು. ಅಡುಗೆಗೆ ಬೇಡ ಅಂತ ಮನೆಯಲ್ಲಿ ಬದಿಗಿಟ್ಟಿರುವ ಕರೀ ಹಣ್ಣು. ನಿಂಬೆ ಗಾತ್ರದ್ದು ತಗೊಂಡು ಒಂದು ಲೋಟ ಬಿಸಿನೀರಿಗೆ ಹಾಕಿ. ಆರಿದ ಮೇಲೆ ಕಿವುಚಿ ಸೋಸಿ. ನಾರು, ಬೀಜ, ಚರಟ ಒಂದೂ ಉಳಿಯಬಾರದು. ಒಂದು ಚಮಚ ಪುಡಿ ಉಪ್ಪು ಹಾಕಿ ಚೆನ್ನಾಗಿ ಕರಗಿಸಿ. ಹುಣಸೆ ಸಿಗದ ದೇಶದಲ್ಲಿದ್ದರೆ ಬಿಳಿ ವಿನೆಗರ್‌ಗೆ ಉಪ್ಪು ಹಾಕಿ, ಕೆಲಸ ಅದೇ. ನಿಂಬೆರಸವೂ ಆಗುತ್ತದೆ. ಟೊಮೆಟೊ ಕೆಚಪ್ ಬಳಿಯುವವರಿದ್ದಾರೆ, ಕೋಕಾಕೋಲಾದಲ್ಲಿ ನೆನೆಸುವವರೂ ಇದ್ದಾರೆ. ಆಗಲ್ಲ ಅಂತ ಹೇಳುವುದಿಲ್ಲ, ಎಲ್ಲದರಲ್ಲೂ ಹುಳಿ ಇದೆಯಲ್ಲ. ಆದರೆ ದುಡ್ಡು ಕೊಟ್ಟು ಅಂಟು ಯಾಕೆ ತರಬೇಕು?

ಪಿಂಗಾಣಿ ಇಲ್ಲವೇ ಗಾಜಿನ ತಟ್ಟೆ ತಗೊಳ್ಳಿ. ಅಲ್ಯೂಮಿನಿಯಂ ಬೇಡವೇ ಬೇಡ. ಉಪ್ಪು, ಹುಳಿ, ತಾಮ್ರ ಮೂರೂ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಪೆನ್ನಿಗಳನ್ನು ಒಂದರ ಮೇಲೊಂದು ಬರದ ಹಾಗೆ ಹರಡಿ ರಸ ಹೊಯ್ಯಿರಿ. ಈಗ ಬೇರೆ ಕಡೆ ನೋಡಬೇಡಿ. ಮೊದಲು ಅಂಚು ಬೆಳಗುತ್ತದೆ, ಆಮೇಲೆ ಮುಂಭಾಗದ ಲಿಂಕನ್ ಮುಖದ ಕೆನ್ನೆ, ಗಡ್ಡ. ಇಸವಿಯ ಅಂಕಿಗಳ ಸಂದಿಯ ಕಪ್ಪು ಕೊನೆಗೆ ಬಿಡುತ್ತದೆ. ಆ ಕಪ್ಪು ತಾಮ್ರದ ಮೇಲೆ ಗಾಳಿ ಕಟ್ಟಿದ ಪದರ. ಹುಳಿ ಅದನ್ನು ಕರಗಿಸುತ್ತದೆ, ಉಪ್ಪು ಆ ಕೆಲಸಕ್ಕೆ ವೇಗ ಕೊಡುತ್ತದೆ. ಎರಡು ಮೂರು ನಿಮಿಷಕ್ಕೆ ಒಮ್ಮೆ ಮಗುಚಿ. ಐದು ನಿಮಿಷ ಸಾಕು, ತುಂಬ ಕಪ್ಪಾಗಿದ್ದರೆ ಹತ್ತು. ಜಾಸ್ತಿ ಬಿಟ್ಟರೆ ಹೊಳಪು ಹೋಗಿ ಮಂಕು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಸಿರು ಕಿಲುಬು ದಪ್ಪವಾಗಿ ಕಚ್ಚಿಕೊಂಡು ಗುಳಿ ಬಿದ್ದ ಪೆನ್ನಿಯ ಹಿಂದೆ ಬೀಳಬೇಡಿ. ಕಿಲುಬು ಹೋದರೂ ಗುಳಿ ಹೋಗುವುದಿಲ್ಲ.

ಸತುವಿನ ಪೆನ್ನಿಯನ್ನು ಇದೇ ತಟ್ಟೆಗೆ ಹಾಕಬೇಡಿ. ಲೇಪ ಎಲ್ಲಾದರೂ ಕೆತ್ತಿ ಹೋಗಿದ್ದರೆ ಹುಳಿ ಒಳಗೆ ನುಗ್ಗಿ ಸತುವನ್ನು ತಿನ್ನುತ್ತದೆ, ಸಣ್ಣ ಗುಳ್ಳೆ ಏಳುತ್ತದೆ. ಆ ಗುಡ್ಡೆಗೆ ಸೋಪಿನ ನೀರಷ್ಟೇ ಸಾಕು.

ಮಕ್ಕಳು ಪಕ್ಕದಲ್ಲಿದ್ದರೆ ಬಳಸಿದ ಹುಳಿನೀರನ್ನು ಕೂಡಲೇ ಚೆಲ್ಲಬೇಡಿ. ಒಂದು ಕಬ್ಬಿಣದ ಮೊಳೆಯನ್ನು ಉಜ್ಜಿ ಅದರಲ್ಲಿ ಬಿಡಿ. ಸ್ವಲ್ಪ ಹೊತ್ತಿಗೆ ಮೊಳೆ ತಾಮ್ರದ ಬಣ್ಣಕ್ಕೆ ಬರುತ್ತದೆ. ಪೆನ್ನಿಯಿಂದ ಕರಗಿದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ. ನಮ್ಮ ಹುಡುಗ ಅಂಗಡಿಯ ಮೊಳೆ ಡಬ್ಬಿ ಪೂರ್ತಿ ಅದಕ್ಕೆ ಹಾಕಲು ಹೊರಟಿದ್ದ. ಆಟ ಮುಗಿದ ಮೇಲೆ ಆ ನೀರನ್ನು ತುಳಸಿ ಬುಡಕ್ಕೆ ಹಾಕಬೇಡಿ, ಗಿಡಕ್ಕೆ ಅಷ್ಟು ತಾಮ್ರ ಆಗಿ ಬರುವುದಿಲ್ಲ. ಬಚ್ಚಲಿಗೆ ಸುರಿದು ಮೇಲೆ ಎರಡು ಚೊಂಬು ನೀರು ಹಾಕಿ.

ಹುಳಿಯಿಂದ ತೆಗೆದ ತಕ್ಷಣ ನಲ್ಲಿ ಕೆಳಗೆ ಹಿಡಿಯಿರಿ. ಆಮೇಲೆ ಒಂದು ಚಮಚ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ, ಮತ್ತೆ ತೊಳೆಯಿರಿ. ಇದನ್ನು ಸೋಮಾರಿತನಕ್ಕೆ ಬಿಡುವವರೇ ಜಾಸ್ತಿ. ಹುಳಿ, ಉಪ್ಪು ಒಂದು ಚೂರು ಉಳಿದರೂ ಬೆಳಗ್ಗೆ ಹೊತ್ತಿಗೆ ಅಕ್ಷರಗಳ ಸುತ್ತ ಹಸಿರು ಹಿಡಿದಿರುತ್ತದೆ. ಗಿರಾಕಿಗಳು ತಾಮ್ರದ ಚೊಂಬು ತಂದು "ನಿನ್ನೆ ತಾನೇ ತೊಳೆದಿದ್ದೆ, ಹಸಿರಾಗಿದೆ ನೋಡಿ" ಅನ್ನುವುದೂ ಇದಕ್ಕೇ. ನಿಮ್ಮದು ಬೋರ್‌ವೆಲ್ ನೀರಾದರೆ ಕೊನೆಗೆ ಜಾಲಿಸಲು ಫಿಲ್ಟರ್ ನೀರು ಬಳಸಿ, ಇಲ್ಲದಿದ್ದರೆ ಬಿಳಿ ಕಲೆ ಉಳಿಯುತ್ತದೆ. ಒರೆಸಲು ಹಳೆ ಪಂಚೆ. ಬಿಸಿಲಲ್ಲಿ ತಾನೇ ಆರಲಿ ಅಂತ ಬಿಡಬೇಡಿ, ಒಂದೊಂದನ್ನೂ ಒರೆಸಿ.

ಕಬ್ಬಿಣದ ಜುಂಗು, ಇಟ್ಟಿಗೆ ಪುಡಿ, ರಂಗೋಲಿ ಪುಡಿ ಯಾವುದೂ ಬೇಡ. ಹಂಡೆಗೆ ಸರಿ, ಪೆನ್ನಿಗೆ ಅಲ್ಲ. ಅದು ಬಿಟ್ಟ ಗೀರು ಒತ್ತಿಸಿದ ಮೇಲೂ ಎಳೆದ ಹಾಗೆ ಕಾಣಬಹುದು. ನಮ್ಮಲ್ಲಿ ಬಫಿಂಗ್ ಮಷಿನ್ ಇದೆ. ಅದಕ್ಕೂ ಕೊಡುವುದಿಲ್ಲ. 19 ಮಿಲಿಮೀಟರಿನ ನಾಣ್ಯವನ್ನು ಆ ಚಕ್ರಕ್ಕೆ ಹಿಡಿದರೆ ಪೆನ್ನಿ ಹಾರುತ್ತದೆ, ಬೆರಳಿನ ಚರ್ಮವೂ ಹೋಗುತ್ತದೆ. ಪಾಲಿಶ್ ಪೇಸ್ಟ್ ಹಾಕಿದರೆ ಅಕ್ಷರದ ಸಂದಿಯಲ್ಲಿ ಬಿಳಿ ಪುಡಿ ಕೂತು ಉರುಳೆಯ ಕೆಳಗೆ ಲೋಹಕ್ಕೇ ಅಂಟುತ್ತದೆ. ಕೊಳೆಯೂ ಅಷ್ಟೇ. ಒತ್ತಿಸಿದ ಮೇಲೆ ತೊಳೆದರಾಯಿತು ಅಂದುಕೊಂಡರೆ ಕೆಟ್ಟಿತು, ಅಷ್ಟು ಒತ್ತಡದಲ್ಲಿ ಕಪ್ಪು ಒಳಗೇ ಕೂತಿರುತ್ತದೆ.

ಇದನ್ನು ನೋಡಿದವರೆಲ್ಲ ಕೇಳುವುದು ಒಂದೇ. ನಮ್ಮ ನಾಣ್ಯವನ್ನೂ ಹೀಗೆ ಒತ್ತಿಸಬಹುದಾ ಅಂತ. ಬೇಡ. 2011ರ ನಾಣ್ಯ ಕಾಯ್ದೆ ಪ್ರಕಾರ ನಾಣ್ಯ ಕರಗಿಸುವುದು, ಹಾಳು ಮಾಡುವುದು ಅಪರಾಧ. ರೈಲು ಹಳಿ ಮೇಲೆ ನಾಣ್ಯ ಇಡುವ ಹುಡುಗರಿಗಂತೂ ಕಿವಿ ಹಿಂಡಿ ಹೇಳಿ, ಅದು ಜೀವದ ಮಾತು. ಅಮೆರಿಕದ ಕಾನೂನು ಮೋಸಕ್ಕಾಗಿ ನಾಣ್ಯ ತಿದ್ದುವುದನ್ನು ತಡೆಯುತ್ತದೆ. ನೆನಪಿಗೆ ಒತ್ತಿಸುವುದರಲ್ಲಿ ಮೋಸವಿಲ್ಲ. ಆದರೆ ಪೆನ್ನಿಯನ್ನು ಮೂಟೆಗಟ್ಟಲೆ ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಪ್ರಯಾಣಿಕರು 5 ಡಾಲರ್‌ನಷ್ಟು, ಅಂದರೆ 500 ಪೆನ್ನಿ ತರಬಹುದು. ಅದರ ಮೇಲೆ ತರಲು ಹೋಗಬೇಡ ಅಂತ ನಮ್ಮ ಹುಡುಗಿಗೂ ಹೇಳಿದ್ದೇನೆ.

2025ರ ನವೆಂಬರ್‌ನಲ್ಲಿ ಫಿಲಡೆಲ್ಫಿಯಾ ಟಂಕಸಾಲೆ ಚಲಾವಣೆಯ ಪೆನ್ನಿ ಹೊಡೆಯುವುದನ್ನು ನಿಲ್ಲಿಸಿತು. ಒಂದು ಸೆಂಟಿನ ನಾಣ್ಯ ಮಾಡಲು 2024ರಲ್ಲೇ 3.69 ಸೆಂಟ್ ಖರ್ಚಾಗುತ್ತಿತ್ತಂತೆ. ನಮ್ಮ ವ್ಯಾಪಾರದಲ್ಲಿ ಹೀಗೆ ಮಾಡಿದರೆ ಮೂರು ತಿಂಗಳಿಗೆ ಅಂಗಡಿಗೆ ಬೀಗ. ಚಲಾವಣೆ ರದ್ದಾಗಿಲ್ಲ. ಆದರೂ ಕೈಗೆ ಸಿಕ್ಕ ತಾಮ್ರದ ಪೆನ್ನಿಯನ್ನು ಈಗಲೇ ಬೇರೆ ಮಾಡಿ ಇಟ್ಟುಕೊಳ್ಳುವುದು ಒಳ್ಳೆಯದು.

ತೊಳೆದವನ್ನು ಪೇಪರಿನಲ್ಲಿ ಸುತ್ತಿ ಮುಚ್ಚಳದ ಡಬ್ಬಿಗೆ ಹಾಕಿ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದನ್ನು ಜೊತೆಗಿಡಿ. ಹೊಳಪು ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಅದಕ್ಕೇ ಪ್ರಯಾಣಕ್ಕೆ ಎರಡು ಮೂರು ದಿನ ಮುಂಚೆ ತೊಳೆಯಿರಿ. ಒತ್ತಿಸುವಾಗ ಹಿಡಿಯನ್ನು ನಿಲ್ಲಿಸದೆ ಒಂದೇ ಸಮ ತಿರುಗಿಸಿ. ಹೊರಗೆ ಬಂದದ್ದನ್ನು ಅಂಚಿನಲ್ಲಿ ಹಿಡಿಯಿರಿ, ಬೆವರಿನ ಬೆರಳಚ್ಚು ವಾರದಲ್ಲಿ ಕಂದು ಕಲೆಯಾಗುತ್ತದೆ. ಆಲ್ಬಂ ಕೊಳ್ಳುವಾಗ ಪಿವಿಸಿ ಹಾಳೆಯದ್ದು ಬೇಡ, ಅದರಲ್ಲಿ ತಾಮ್ರ ಜಿಗುಟು ಜಿಗುಟಾಗಿ ಹಸಿರಾಗುತ್ತದೆ. ದಪ್ಪ ಕಾಗದದ ಪುಟ ಇರುವ ಆಲ್ಬಂ ಸಾಕು.