ಒಂದು ವಿಷಯದಲ್ಲಿ ಅಂಕ ಕುಸಿದಾಗ ಹನ್ನೊಂದನೆಯ ತರಗತಿಯ ಅರ್ಜಿ ತುಂಬುವುದು ಹೇಗೆ?

ಎಸ್‌ಎಸ್‌ಸಿ, ಅಂದರೆ ಮಹಾರಾಷ್ಟ್ರದ ಹತ್ತನೆಯ ತರಗತಿಯ ಫಲಿತಾಂಶ ಬಂದ ಸಂಜೆ ಮುಂಬಯಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಚೆನ್ನಾಗಿ ಬಂದ ಐದು ವಿಷಯಗಳ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಎಲ್ಲರ ಕಣ್ಣೂ ಗಣಿತದ 54ರ ಮೇಲೆ. ನೆರೆಹೊರೆಯ ಮಕ್ಕಳ ಅರ್ಜಿ ತುಂಬಲು ಹಲವು ವರ್ಷ ಜೊತೆಗೆ ಕುಳಿತವನಾಗಿ ಹೇಳುವುದಾದರೆ, ಆ 54 ಕಸಿದುಕೊಂಡ ಸೀಟುಗಳನ್ನು ನಾನು ಕಂಡದ್ದು ಅಪರೂಪ, ಗಾಬರಿಯಲ್ಲಿ ಬರೆದ ಕಾಲೇಜುಗಳ ಪಟ್ಟಿಯಿಂದ ಕೈತಪ್ಪಿದವು ಬೇಕಾದಷ್ಟಿವೆ.

ಮೊದಲು ಲೆಕ್ಕ ಹಾಕಿ. ಮಹಾರಾಷ್ಟ್ರ ಮಂಡಳಿಯು ಆರು ವಿಷಯಗಳಲ್ಲಿ ಹೆಚ್ಚು ಅಂಕ ಬಂದ ಐದನ್ನು ಮಾತ್ರ ಶೇಕಡಾವಾರಿಗೆ ಹಿಡಿಯುತ್ತದೆ. 'ಬೆಸ್ಟ್ ಆಫ್ ಫೈವ್' ಎಂಬ ಈ ನಿಯಮವನ್ನು 2010ರಲ್ಲಿ ಬಾಂಬೆ ಹೈಕೋರ್ಟ್ ರದ್ದುಪಡಿಸಿದರೂ ಸುಪ್ರೀಂ ಕೋರ್ಟ್ ಅದೇ ವರ್ಷ ಉಳಿಸಿಕೊಟ್ಟಿತು. ಕನ್ನಡ 88, ಮರಾಠಿ 82, ಇಂಗ್ಲಿಷ್ 79, ಗಣಿತ 54, ವಿಜ್ಞಾನ 81, ಸಮಾಜ ವಿಜ್ಞಾನ 90 ಎಂದಿಟ್ಟುಕೊಳ್ಳಿ. ಆರನ್ನೂ ಕೂಡಿಸಿದರೆ ಶೇ. 79, ಗಣಿತ ಬಿಟ್ಟರೆ 500ಕ್ಕೆ 420, ಅಂದರೆ ಶೇ. 84. ಆದರೆ ಈ ಔದಾರ್ಯ ಒಂದೇ ವಿಷಯಕ್ಕೆ: ಮರಾಠಿಯಲ್ಲೂ 60 ಬಂದಿದ್ದರೆ ಶೇಕಡಾವಾರು 79.6ಕ್ಕೆ ಇಳಿಯುತ್ತದೆ.

ಎರಡನೆಯದು ಮರುಮೌಲ್ಯಮಾಪನ. ಅದಕ್ಕೆ ಮುನ್ನ ಉತ್ತರ ಪತ್ರಿಕೆಯ ನಕಲು ಪ್ರತಿ ಪಡೆಯುವುದು ಕಡ್ಡಾಯ. ಹೆಚ್ಚಿನವರು ಕುಸಿದ ವಿಷಯಕ್ಕೇ ಶುಲ್ಕ ಕಟ್ಟುತ್ತಾರೆ. ಮಗು ಉತ್ತೀರ್ಣವಾಗಿದ್ದರೆ ಅದು ದಂಡದ ಖರ್ಚು, ಏಕೆಂದರೆ 54 ಏರಿ 60 ಆದರೂ ಅದು ಲೆಕ್ಕದ ಹೊರಗೇ ಉಳಿಯುತ್ತದೆ. ಹಣ ಹಾಕುವುದಾದರೆ ಐದರೊಳಗಿನ ವಿಷಯಕ್ಕೆ ಹಾಕಿ.

ಇನ್ನು ಎಲ್ಲರೂ ಎಡವುವ ಹಂತ, ಆದ್ಯತೆಯ ಪಟ್ಟಿ. ಕೇಂದ್ರೀಕೃತ ಪ್ರವೇಶ ಅರ್ಜಿಯ ಎರಡನೆಯ ಭಾಗದಲ್ಲಿ ಹತ್ತು ಕಾಲೇಜುಗಳವರೆಗೆ ಬರೆಯಬಹುದು. ಮೊದಲ ಆದ್ಯತೆಯ ಕಾಲೇಜೇ ಸಿಕ್ಕರೆ ಅಲ್ಲಿ ಸೇರಲೇಬೇಕು. ಸೇರದಿದ್ದರೆ ಸೀಟು ಹಂಚಿಕೆಯ ಮುಂದಿನ ನಿಯಮಿತ ಸುತ್ತುಗಳಿಂದ ಹೊರಗುಳಿಯಬೇಕಾಗುತ್ತದೆ. ಎರಡರಿಂದ ಹತ್ತರವರೆಗಿನದು ಸಿಕ್ಕರೆ ಮುಂದಿನ ಸುತ್ತಿಗೆ ಕಾಯುವ ಅವಕಾಶವಿದೆ. ಇದನ್ನರಿಯದೆ, ಅಂಕ ಕಡಿಮೆಯಾಯಿತೆಂದು ಹೆದರಿ, ಮನೆಯ ಪಕ್ಕದ ಸುಲಭದ ಕಾಲೇಜನ್ನು ಮೊದಲ ಸಾಲಿನಲ್ಲಿ ಬರೆದವರಿಗೆ ಅದೇ ಸಿಕ್ಕಿ, ಶೇ. 84ಕ್ಕೆ ದೊರೆಯಬಹುದಾಗಿದ್ದ ಒಳ್ಳೆಯ ಕಾಲೇಜಿನ ಬಾಗಿಲು ಅಲ್ಲಿಗೇ ಮುಚ್ಚಿಹೋಗುತ್ತದೆ. ತದ್ವಿರುದ್ಧವಾಗಿ ಇನ್ನು ಕೆಲವರು ರುಯಿಯಾ, ರೂಪಾರೆಲ್, ವಝೆ-ಕೇಳ್ಕರ್ ಎಂದು ಹೆಸರು ಮಾಡಿದವುಗಳನ್ನಷ್ಟೇ ಬರೆದು ಸುತ್ತು ಮುಗಿದಾಗ ಬರಿಗೈಯಲ್ಲಿ ಉಳಿಯುತ್ತಾರೆ. ನನ್ನ ಕ್ರಮ ಹೀಗಿದೆ: ಹಿಂದಿನ ವರ್ಷದ ಕಟ್ ಆಫ್ (ಕೊನೆಯ ಸೀಟು ಸಿಕ್ಕವರ ಅಂಕ) ನಮ್ಮ ಅಂಕಕ್ಕಿಂತ ತುಸು ಮೇಲಿರುವ ಮೂರು, ಸರಿಸುಮಾರು ಅಷ್ಟೇ ಇರುವ ನಾಲ್ಕು, ಖಂಡಿತ ಕೆಳಗಿರುವ ಮೂರು, ಇದೇ ಅನುಕ್ರಮದಲ್ಲಿ. ಹೋಲಿಸುವಾಗ ಶಾಖೆ, ಮಾಧ್ಯಮ, ಅನುದಾನಿತವೋ ಅಲ್ಲವೋ, ಮೀಸಲಾತಿ ವರ್ಗ ಯಾವುದು ಎಂಬ ನಾಲ್ಕೂ ತಾಳೆಯಾಗಬೇಕು. ಒಂದೇ ಕಾಲೇಜಿನ ವಿಜ್ಞಾನದ ಮತ್ತು ಕಲಾ ವಿಭಾಗದ ಕಟ್ ಆಫ್‌ಗಳಿಗೆ ಅಜಗಜಾಂತರವಿರುತ್ತದೆ. ವಾಟ್ಸಾಪ್‌ನಲ್ಲಿ ಹರಿದಾಡುವ, ವರ್ಷವೇ ನಮೂದಾಗದ ಕಟ್ ಆಫ್ ಪಟ್ಟಿಗಳನ್ನು ನಂಬಬೇಡಿ. ಪಾಸ್‌ವರ್ಡ್ ಸಮೇತ ಅರ್ಜಿಯನ್ನು ಸೈಬರ್ ಕೆಫೆಯವರಿಗೆ ಒಪ್ಪಿಸಿಬರುವುದನ್ನಂತೂ ನಾನು ಒಪ್ಪುವುದಿಲ್ಲ. ಡೊಂಬಿವಲಿಯಲ್ಲಿದ್ದು ಮಾಟುಂಗದ ಕಾಲೇಜು ಬರೆಯುವವರು ಬೆಳಗಿನ ಏಳರ ಲೋಕಲ್‌ನಲ್ಲಿ ಒಮ್ಮೆ ಹೋಗಿಬಂದು ಆಮೇಲೆ ಬರೆಯಲಿ.

ಭಾಷಾ ಅಲ್ಪಸಂಖ್ಯಾತ ಕಾಲೇಜುಗಳಲ್ಲಿ ಅರ್ಧದಷ್ಟು ಸೀಟುಗಳು ಆಯಾ ಭಾಷಿಕ ಸಮುದಾಯಕ್ಕೆ ಮೀಸಲಾಗಿದ್ದು, ಅವುಗಳಿಗೆ ಅರ್ಜಿಯಲ್ಲಿ ಕೋಟಾದ ಆಯ್ಕೆಯನ್ನು ಬೇರೆಯಾಗಿಯೇ ಗುರುತಿಸಬೇಕು. ಕನ್ನಡದವರು ಇದನ್ನು ಮರೆಯುವುದೇ ಹೆಚ್ಚು.

ಗಣಿತದಲ್ಲಿ ಕುಸಿದ ಮಗು ವಿಜ್ಞಾನ ಶಾಖೆ ಕೇಳಿದರೆ ಆ 54ನ್ನು ಎತ್ತಿ ತೋರಿಸಿ ತಡೆಯಬೇಡಿ. ಮುಂದೆ ಎಂಜಿನಿಯರಿಂಗ್‌ಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಎಂಎಚ್‌ಟಿ-ಸಿಇಟಿ, ವೈದ್ಯಕೀಯಕ್ಕೆ ನೀಟ್ ಅಂಕಗಳೇ ಮುಖ್ಯ. ಆದರೆ ಗಣಿತ ಆಯ್ದುಕೊಳ್ಳುವುದಾದರೆ ಹತ್ತನೆಯ ಪುಸ್ತಕದ ಬೀಜಗಣಿತವನ್ನು ಕಾಲೇಜು ಆರಂಭವಾಗುವ ಮುನ್ನ ಇನ್ನೊಮ್ಮೆ ಮಾಡಿ ಮುಗಿಸಲಿ.