ಮಗುವನ್ನು ಸ್ಕೂಲಲ್ಲಿ ಗೋಳು ಹೊಯ್ದುಕೊಳ್ತಿದ್ದರೆ ಏನು ಕಲಿಸಬೇಕು?

ಯುಕೆಜಿಯಿಂದ ಮೂರನೇ ಕ್ಲಾಸಿನವರೆಗಿನ ಮಕ್ಕಳ ಅಪ್ಪ ಅಮ್ಮಂದಿರಿಗೆ ಇದು. ಮಗು ಬಂದು 'ಅವನು ನನ್ನ ಸೋಡಾಬುಡ್ಡಿ ಅಂತಾನೆ' ಅಂತ ಅತ್ತರೆ ನಮ್ಮ ಮೈಸೂರು ಮಂಡ್ಯ ಕಡೆ ಮನೆಗಳಲ್ಲಿ ಸಿಗೋ ಉತ್ತರ ಎರಡೇ. ತಾತ 'ನೀನೂ ಎರಡು ಬಿಟ್ಟು ಬಾ' ಅಂತಾರೆ, ಅಜ್ಜಿ 'ಹೋಗ್ಲಿ ಬಿಡು ಕಂದ' ಅಂತಾರೆ. ಎರಡೂ ಕೆಲಸಕ್ಕೆ ಬರಲ್ಲ. ತಿರುಗಿಸಿ ಹೊಡೆದವನೇ ಎಷ್ಟೋ ಸಲ ಮಿಸ್ ಕಣ್ಣಿಗೆ ಬೀಳೋದು, ಸುಮ್ನಿದ್ದವನಿಗೆ ಮಾರನೇ ದಿನ ಕಾಟ ಇನ್ನೂ ಜಾಸ್ತಿ. ಬೈಯದೆ, ಹೊಡೆಯದೆ, ಗಟ್ಟಿಯಾಗಿ 'ಬೇಡ' ಅನ್ನೋದನ್ನ ಮಗು ಕಲಿಯಬೇಕು. ಒಳ್ಳೆಯವನಾಗಿರೋದು ಅಂದರೆ ಸಹಿಸಿಕೊಂಡಿರೋದು ಅಂತ ಅದರ ತಲೆಗೆ ಹೋಗಲೇಬಾರದು.

ಮೊದಲು ವಿಷಯ ಗೊತ್ತಾಗಬೇಕಲ್ವಾ? 'ಯಾರಾದ್ರೂ ಹೊಡೆದ್ರಾ?' ಅಂತ ದಿನಾ ಕೇಳಿದರೆ 'ಇಲ್ಲ' ಅಂದು ಟಿವಿ ಮುಂದೆ ಕೂರುತ್ತೆ. ಅವರೆಕಾಯಿ ಸುಲಿಯುತ್ತಲೋ ಬಟ್ಟೆ ಮಡಚುತ್ತಲೋ, 'ವ್ಯಾನಲ್ಲಿ ಯಾರ ಪಕ್ಕ ಕೂತಿದ್ದೆ? ಊಟ ಯಾರ ಜೊತೆ ಮಾಡಿದೆ?' ಅಂತ ಕೇಳಿ. ವ್ಯಾನು, ಟಾಯ್ಲೆಟ್ಟು, ಊಟದ ಬಿಡುವು, ಹೀಗೆ ದೊಡ್ಡವರ ಕಣ್ಣು ತಪ್ಪುವ ಕಡೆಯೇ ಇದೆಲ್ಲ ನಡೆಯೋದು. ಸೋಮವಾರ ಬೆಳಗ್ಗೆ ಸರಿಯಾಗಿ ಹೊಟ್ಟೆನೋವು ಬರೋದು, ಡಬ್ಬಿ ಖಾಲಿಯಾಗಿದ್ದರೂ ಮನೆಗೆ ಬಂದ ತಕ್ಷಣ ವಿಪರೀತ ಹಸಿವು, ನಿಂತೇ ಹೋಗಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಶುರುವಾಗೋದು, ಇವನ್ನು ಹಠ ಅಂತ ತಳ್ಳಿಹಾಕಬೇಡಿ.

ಆಮೇಲೆ ಅಭ್ಯಾಸ. ಪುಟ್ಟ ಮಕ್ಕಳಿಗೆ ಉಪದೇಶ ಹತ್ತಲ್ಲ, ಆಟ ಹತ್ತುತ್ತೆ. ಹಾಲಲ್ಲಿ ಎರಡು ಕುರ್ಚಿ ಹಾಕಿ ವ್ಯಾನ್ ಮಾಡಿ. ರಬ್ಬರ್ ಕಿತ್ತುಕೊಳ್ಳೋ ಹುಡುಗ ನೀವು. ಮಗು ಎದ್ದು ಎರಡೂ ಕಾಲು ನೆಲಕ್ಕೆ ಊರಿ, ನಿಮ್ಮ ಮುಖ ನೋಡಿ, 'ಅದು ನಂದು. ವಾಪಸ್ ಕೊಡು' ಅನ್ನಬೇಕು. ಮೊದಲ ಸಲ ಗೊಣಗುತ್ತೆ, ಎರಡನೇ ಸಲ ಕಿರುಚುತ್ತೆ. ಎರಡೂ ಬೇಡ, ಹಾಜರಿ ಕರೆದಾಗ 'ಪ್ರೆಸೆಂಟ್ ಮಿಸ್' ಅನ್ನುವಷ್ಟು ದನಿ ಸಾಕು. ಕಣ್ಣು ನೋಡೋಕೆ ಹೆದರಿಕೆಯಾದರೆ ಹುಬ್ಬು ನೋಡು ಅನ್ನಿ. ಪಾತ್ರ ಅದಲುಬದಲು ಮಾಡಿ, ಮಗು ಕಿತ್ತುಕೊಳ್ಳಲಿ, ನೀವು ಹೇಳಿ ತೋರಿಸಿ. ಒಂದೇ ಸಲ ಹೇಳೋದು, ಕೇಳದಿದ್ದರೆ ವಾದ ಮಾಡದೆ ಆಯಾ ಹತ್ತಿರವೋ ಮಿಸ್ ಹತ್ತಿರವೋ ಹೋಗೋದು. ಅಡ್ಡಹೆಸರು ಕರೆದರೆ 'ನನ್ನ ಹೆಸರು ಅದಲ್ಲ, ಹಾಗೆ ಕರೀಬೇಡ', ಅಷ್ಟೇ. ತಿರುಗಿ ಇನ್ನೊಂದು ಹೆಸರಿಡೋದು ಬೇಡ. 'ಚಾಡಿ ಹೇಳಬಾರದು' ಅಂತ ನಾವೇ ಹೇಳಿಕೊಟ್ಟಿರ್ತೀವಿ, ಅದಕ್ಕೇ ಎಷ್ಟೋ ಮಕ್ಕಳು ಬಾಯಿ ಬಿಡಲ್ಲ. ನೋವಾದಾಗ ಹೇಳಲೇಬೇಕು, ಹೇಳಿದರೆ ಬೈಯಲ್ಲ ಅಂತ ನೀವೇ ಬಾಯಿಬಿಟ್ಟು ಹೇಳಿ.

ಇನ್ನು ನಮ್ಮ ಮನೆ ಮಾತು. ಮಂಡ್ಯ ಕಡೆ ಪ್ರೀತಿ ಬಂದರೂ 'ಲೋ ಕರಿಯ', 'ಏ ಡುಮ್ಮಿ' ಅಂತಲೇ ಕರೆಯೋದು. ದೊಡ್ಡವರಿಗೆ ಅದರಲ್ಲಿರೋ ಪ್ರೀತಿ ಗೊತ್ತು, ಆರು ವರ್ಷದ ಮಗು ಮಾತ್ರ ಅದೇ ಮಾತನ್ನು ಸ್ಕೂಲಿಗೆ ಹೊತ್ತುಕೊಂಡು ಹೋಗಿ ಇನ್ನೊಂದು ಮಗುವಿನ ಮೇಲೆ ಹಾಕುತ್ತೆ. ಬಣ್ಣ, ದಪ್ಪ, ಕನ್ನಡಕ, ತೊದಲು ಇವುಗಳ ಮೇಲೆ ಹೆಸರಿಡೋದನ್ನ ಇವತ್ತೇ ನಿಲ್ಲಿಸಿ, ಅತ್ತೆ ಮಾವಂದಿರಿಗೂ ಹೇಳಿ. ಮಗು ತೊದಲುತ್ತಿದ್ದು ಅದಕ್ಕೇ ಗೇಲಿ ಮಾಡ್ತಿದ್ದರೆ, ಮೈಸೂರಿನ ಮಾನಸಗಂಗೋತ್ರಿ ಹತ್ತಿರ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎಲ್ಲೆಲ್ಲಿಂದಲೋ ಜನ ಹುಡುಕಿಕೊಂಡು ಬರೋ ಜಾಗ ಅದು, ನಮಗೆ ಪಕ್ಕದಲ್ಲೇ ಇದೆ, ಒಮ್ಮೆ ತೋರಿಸಿ.

ಕಾಟ ಕೊಡೋ ಹುಡುಗನ ಬಗ್ಗೆ 'ಅವನು ಕೆಟ್ಟವನು' ಅನ್ನಬೇಡಿ, 'ಅವನು ಮಾಡಿದ್ದು ತಪ್ಪು' ಅನ್ನಿ. ಅವನೂ ಏಳು ವರ್ಷದ ಮಗುವೇ, ಅವನ ಮನೆಯಲ್ಲಿ ಏನು ನಡೀತಿದೆಯೋ ನಮಗೆ ಕಾಣಲ್ಲ. ಹಾಗಂತ 'ಹೋಗಿ ಅವನ ಜೊತೆ ಫ್ರೆಂಡ್ಸ್ ಆಗು, ನಿನ್ನ ಚಕ್ಕುಲಿ ಕೊಡು' ಅಂತ ಒತ್ತಾಯ ಮಾಡಬೇಡಿ. ಹೆದರಿಕೊಂಡು ಚಕ್ಕುಲಿ ಕೊಟ್ಟರೆ ನಾಳೆಯೂ ಕೊಡಬೇಕಾಗುತ್ತೆ. ನಾನು ಇದಕ್ಕಿಂತ ಮೊದಲು ಕಲಿಸಿ ಅನ್ನೋದು ಇನ್ನೊಂದು. ಯಾರನ್ನೋ ಎಲ್ಲರೂ ಸೇರಿ ಆಡಿಕೊಳ್ತಿದ್ದಾಗ ನಗದೇ ಇರೋದು, ಒಂಟಿಯಾಗಿ ಕೂತ ಮಗುವಿಗೆ 'ಬಾ, ಇಲ್ಲಿ ಕೂತ್ಕೋ' ಅನ್ನೋದು. ಎದುರು ನಿಲ್ಲೋದಕ್ಕಿಂತ ಇದು ಸುಲಭ, ಪುಕ್ಕಲು ಮಗುವೂ ಮಾಡಬಹುದು.

ಮಗುವಿಂದ ಆಗದ್ದೂ ಇದೆ. ಮತ್ತೆ ಮತ್ತೆ ಹೊಡೆತ, ದೊಡ್ಡ ಮಕ್ಕಳ ಗುಂಪು, ಮೈ ಮುಟ್ಟೋ ವಿಚಾರ, ಇಲ್ಲಿ ಮಗುವಿಗೆ ಬುದ್ಧಿ ಹೇಳ್ತಾ ಕೂರಬೇಡಿ, ನೀವೇ ಹೋಗಿ. ಯಾವ ದಿನ, ಎಲ್ಲಿ, ಏನಾಯ್ತು ಅಂತ ಬರೆದುಕೊಂಡು ಮೊದಲು ಕ್ಲಾಸ್ ಟೀಚರ್, ಆಮೇಲೆ ಎಚ್‌ಎಂ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಅಪ್ಪ ಅಮ್ಮಂದಿರೂ ಇರೋ ಶಾಲಾಭಿವೃದ್ಧಿ ಸಮಿತಿಯೂ ಇದೆ. ಗೇಟ್ ಹತ್ತಿರ ಆ ಹುಡುಗನನ್ನು ನಿಲ್ಲಿಸಿ ನೀವು ಗದರಿಸಬೇಡಿ. ಟೀಚರ್ರೇ ಹೊಡೆಯೋದು, ಹೀಯಾಳಿಸೋದು ಮಾಡಿದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ ಮಕ್ಕಳ ಸಹಾಯವಾಣಿ 1098, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಸ್ಕೂಲಿಗೆ ಒಮ್ಮೆ ಹೇಳಿ ಬಂದೆ ಅಂತ ಮರೆತುಬಿಡಬೇಡಿ, ಒಂದು ವಾರ ಬಿಟ್ಟು ಮತ್ತೆ ಹೋಗಿ, ವ್ಯಾನಲ್ಲಿ ಸೀಟು ಬದಲಾಯಿಸಿದ್ರಾ ಅಂತ ಕೇಳಿ.